25.5 ಸರಿ, 62 ಕೂಡ ಸರಿ: ಭಾರತದ ಅಸಮಾನತೆಯ ಲೆಕ್ಕ ಎರಡಾದದ್ದು ಹೇಗೆ?

2025ರ ಜುಲೈ ಮೊದಲ ವಾರ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಹೊರಡಿಸಿದ ಪ್ರಕಟಣೆಯೊಂದು ದೊಡ್ಡ ಸುದ್ದಿಯಾಯಿತು. ವಿಶ್ವ ಬ್ಯಾಂಕ್ ಅಂಕಿಅಂಶದಂತೆ, ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ ಭಾರತದಲ್ಲಿ 25.5. ಈ ಸಂಖ್ಯೆ ಕಡಿಮೆಯಾದಷ್ಟೂ ಸಮಾನತೆ ಹೆಚ್ಚು. ಸ್ಲೊವಾಕಿಯಾ, ಸ್ಲೊವೇನಿಯಾ, ಬೆಲಾರುಸ್ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಸಮಾನತೆ ಇರುವ ದೇಶ ನಮ್ಮದು ಎಂದು ಅದರಲ್ಲಿತ್ತು. ಚೀನಾದ್ದು 35.7, ಅಮೆರಿಕದ್ದು 41.8. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ತನ್ನ ವರದಿ ಬಿಡುಗಡೆ ಮಾಡಿತು. ಅದರ ಲೆಕ್ಕದಲ್ಲಿ ಭಾರತದ ಒಟ್ಟು ಆದಾಯದ ಶೇ 58ರಷ್ಟು ಮೇಲಿನ ಶೇ 10 ಮಂದಿಗೆ ಹೋಗುತ್ತದೆ, ಕೆಳಗಿನ ಅರ್ಧದಷ್ಟು ಜನಕ್ಕೆ ಸಿಗುವುದು ಶೇ 15 ಮಾತ್ರ. ಅಂದರೆ ಜಗತ್ತಿನ ಅತಿ ಅಸಮಾನ ದೇಶಗಳಲ್ಲಿ ನಾವೂ ಒಬ್ಬರು.

ಎರಡೂ ಸುದ್ದಿ ಓದಿದವರಿಗೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುವುದು ಸಹಜ. ಲೆಕ್ಕದ ಮಟ್ಟಿಗೆ ಯಾರೂ ಸುಳ್ಳು ಹೇಳಿಲ್ಲ. ಅವರು ಅಳೆದ ವಸ್ತುಗಳೇ ಬೇರೆ. ಯಾವುದನ್ನು ಅಳೆಯಬೇಕು ಎಂಬ ಜಗಳ ಹತ್ತು ಹನ್ನೆರಡು ವರ್ಷಗಳಿಂದ ವಿಶ್ವಸಂಸ್ಥೆ ಮತ್ತು ವಿಶ್ವ ಬ್ಯಾಂಕಿನ ಸಭೆಗಳಲ್ಲಿ ನಡೆಯುತ್ತಿದೆ. ಅಸಮಾನತೆ ತಗ್ಗಿಸಬೇಕೆಂದು ಒತ್ತಾಯಿಸುವ ನಾಗರಿಕ ಸಂಘಟನೆಗಳು ಆ ಜಗಳದಲ್ಲಿ ಅರ್ಧ ಗೆದ್ದವು, ಅರ್ಧ ಸೋತವು. ಸೋತ ಅರ್ಧದ ಫಲವೇ ಜುಲೈನ ಆ ತಲೆಬರಹ.

ಒಂದೇ ಟಿಪ್ಪಣಿ, ಎರಡು ಸಂಖ್ಯೆ

ಗಿನಿ ಸೂಚ್ಯಂಕ ಸೊನ್ನೆಯಿಂದ ನೂರರವರೆಗಿನ ಅಳತೆ. ಎಲ್ಲರಿಗೂ ಸಮಪಾಲು ಇದ್ದರೆ ಸೊನ್ನೆ, ಎಲ್ಲವೂ ಒಬ್ಬನ ಬಳಿಯೇ ಇದ್ದರೆ ನೂರು. ಪಾಲು ಅಂದರೆ ಯಾವುದರ ಪಾಲು? ಖರ್ಚಿನದೋ, ಆದಾಯದ್ದೋ, ಆಸ್ತಿಯದೋ? ಸೂತ್ರ ಅದನ್ನು ಹೇಳುವುದಿಲ್ಲ. ನಾವು ಏನನ್ನು ಕೊಟ್ಟರೂ ಅದು ಲೆಕ್ಕ ಹಾಕಿಕೊಡುತ್ತದೆ.

25.5 ಬಂದಿರುವುದು ಕುಟುಂಬಗಳ ಖರ್ಚಿನಿಂದ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆಸಿದ ಬಳಕೆ ವೆಚ್ಚ ಸಮೀಕ್ಷೆಯೇ ಇದರ ಆಧಾರ. ಅಮೆರಿಕ, ಸ್ಲೊವಾಕಿಯಾ, ಸ್ಲೊವೇನಿಯಾಗಳ ಸಂಖ್ಯೆ ಬಂದಿರುವುದು ಆದಾಯದಿಂದ. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಕ್ರಮಾಂಕ ಕೊಟ್ಟಾಗಲೇ ಎಡವಟ್ಟಾಯಿತು. ಚೀನಾದ್ದು ನಮ್ಮ ಹಾಗೆ ಖರ್ಚಿನ ಲೆಕ್ಕವೇ ಆದ್ದರಿಂದ ಆ ಹೋಲಿಕೆಗೆ ಒಂದಿಷ್ಟು ಅರ್ಥವಿದೆ, ಅಮೆರಿಕದ ಜತೆಗಿನ ಹೋಲಿಕೆಗೆ ಇಲ್ಲ.

ಪ್ರಕಟಣೆಗೆ ಆಧಾರವಾದ ವಿಶ್ವ ಬ್ಯಾಂಕಿನ ಟಿಪ್ಪಣಿಯಲ್ಲೇ ಈ ಎಚ್ಚರಿಕೆ ಇತ್ತು. ಖರ್ಚಿನ ಗಿನಿ 2011–12ರ 28.8ರಿಂದ 25.5ಕ್ಕೆ ಇಳಿದಿದೆ ಎಂದು ಬರೆದ ಕಡೆಯೇ, ಮಾಹಿತಿಯ ಕೊರತೆಯಿಂದಾಗಿ ಅಸಮಾನತೆ ಇರುವುದಕ್ಕಿಂತ ಕಡಿಮೆ ಕಾಣುತ್ತಿರಬಹುದು ಎಂದೂ ಬ್ಯಾಂಕ್ ಹೇಳಿತ್ತು. ಆದಾಯದ ಗಿನಿ 2004ರಲ್ಲಿ 52 ಇದ್ದದ್ದು 2023ಕ್ಕೆ 62ಕ್ಕೆ ಏರಿದೆ ಎಂಬ ಪ್ಯಾರಿಸ್ ಲ್ಯಾಬ್‌ನ ಲೆಕ್ಕವನ್ನೂ ಪಕ್ಕದಲ್ಲೇ ಕೊಟ್ಟಿತ್ತು. ಪತ್ರಿಕಾ ಪ್ರಕಟಣೆಗೆ ಬರುವಷ್ಟರಲ್ಲಿ ಮೊದಲ ವಾಕ್ಯ ಉಳಿದು ನಂತರದ್ದು ಬಿದ್ದುಹೋಗಿತ್ತು.

ಖರ್ಚು ಹಿಡಿದು ಹೊರಟರೆ ಕಾಣದೆ ಹೋಗುವುದು ಏನು?

ತಿಂಗಳಿಗೆ ₹15,000 ದುಡಿಯುವ ಕುಟುಂಬ ಹೆಚ್ಚೂಕಡಿಮೆ ಎಲ್ಲವನ್ನೂ ಖರ್ಚು ಮಾಡುತ್ತದೆ, ₹14,500 ಎನ್ನೋಣ. ₹5 ಲಕ್ಷ ದುಡಿಯುವ ಕುಟುಂಬ ಒಂದೂವರೆ ಲಕ್ಷ ಖರ್ಚು ಮಾಡಿ, ಉಳಿದದ್ದನ್ನು ಷೇರು, ನಿವೇಶನ, ಮ್ಯೂಚುವಲ್ ಫಂಡ್‌ಗೆ ಹಾಕುತ್ತದೆ. ಆದಾಯ ನೋಡಿದರೆ ಇಬ್ಬರ ನಡುವೆ 33 ಪಟ್ಟು ಅಂತರ. ಖರ್ಚು ನೋಡಿದರೆ 10 ಪಟ್ಟು. ಉಳಿತಾಯ ಹೆಚ್ಚಿದಷ್ಟೂ ಸಿರಿವಂತರು ಖರ್ಚಿನ ಲೆಕ್ಕದಿಂದ ಮರೆಯಾಗುತ್ತಾರೆ. ಆದ್ದರಿಂದ ಖರ್ಚಿನ ಗಿನಿ ಸಾಮಾನ್ಯವಾಗಿ ಆದಾಯದ ಗಿನಿಗಿಂತ ಕೆಳಗೇ ಇರುತ್ತದೆ.

ಎರಡನೆಯ ತೊಡಕು ಸಮೀಕ್ಷೆ ನಡೆಯುವ ರೀತಿಯಲ್ಲಿದೆ. 2022–23ರಲ್ಲಿ 2,61,746 ಕುಟುಂಬಗಳನ್ನು ಮಾತನಾಡಿಸಿದರು. 405 ಬಗೆಯ ಸಾಮಾನು, ಸೇವೆಗಳ ಪ್ರಶ್ನಾವಳಿಯನ್ನು ಆಹಾರ, ದಿನಬಳಕೆ, ಬಾಳಿಕೆ ವಸ್ತು ಎಂದು ಮೂರು ಭಾಗ ಮಾಡಿ, ಒಂದೇ ಮನೆಗೆ ಮೂರು ಸಲ ಹೋಗಿ ತುಂಬಿಸಿಕೊಂಡರು. 2011–12ರಲ್ಲಿ ಒಂದೇ ಭೇಟಿಯಲ್ಲಿ ಮುಗಿಸುತ್ತಿದ್ದರು, ಆದ್ದರಿಂದ ಆಗಿನದನ್ನೂ ಈಗಿನದನ್ನೂ ಹೋಲಿಸುವಾಗ ಹುಷಾರಾಗಿರಬೇಕು. ಗೇಟಿನಲ್ಲಿ ಕಾವಲುಗಾರ ಇರುವ ಬಡಾವಣೆಯೊಳಗೆ ಮೂರು ಸಲ ಹೋಗಿ, ತೊಗರಿಬೇಳೆಯಿಂದ ವಿಮಾನದ ಟಿಕೆಟ್‌ವರೆಗೆ ಕೇಳಿ ಬರೆದುಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಊಹಿಸಬಹುದು. ಅತಿ ಶ್ರೀಮಂತರು ಸಿಗುವುದೇ ಕಷ್ಟ, ಸಿಕ್ಕರೂ ಪೂರ್ತಿ ಹೇಳುವುದು ಇನ್ನೂ ಕಷ್ಟ. ಎಲ್ಲ ದೇಶಗಳ ಸಮೀಕ್ಷೆಗಳಿಗೂ ಇರುವ ಕಾಯಿಲೆ ಇದು.

ಫಲಿತಾಂಶವನ್ನೇ ನೋಡಿ. ನಗರ ಭಾರತದ ಅತಿ ಶ್ರೀಮಂತ ಶೇ 5ರಷ್ಟು ಜನರ ಸರಾಸರಿ ತಲಾ ಮಾಸಿಕ ವೆಚ್ಚ ₹20,824 ಎಂದು ಆ ಸಮೀಕ್ಷೆ ಹೇಳುತ್ತದೆ. ನಾಲ್ಕು ಜನರ ಕುಟುಂಬಕ್ಕೆ ತಿಂಗಳಿಗೆ ಸುಮಾರು ₹83,000. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ, ಬಾಡಿಗೆಗೂ ಮಕ್ಕಳ ಶಾಲೆ ಶುಲ್ಕಕ್ಕೂ ಹಣ ಕಟ್ಟುವ ಮಧ್ಯಮ ವರ್ಗದ ಮನೆಯ ಖರ್ಚು ಇದು. ದೇಶದ ಕೋಟ್ಯಧಿಪತಿಗಳು ಈ ಲೆಕ್ಕದ ಯಾವ ಮೂಲೆಯಲ್ಲೂ ಇಲ್ಲ.

ಗುರಿಯಾಗಿ ಬಂದದ್ದು ಹೇಗೆ

ವಿಶ್ವಸಂಸ್ಥೆಯ 2000ನೇ ಇಸವಿಯ ಸಹಸ್ರಮಾನ ಅಭಿವೃದ್ಧಿ ಗುರಿಗಳು ಎಂಟು. ಅವುಗಳಲ್ಲಿ ಬಡತನ, ಹಸಿವು, ಶಾಲೆ, ತಾಯಿ-ಮಗುವಿನ ಆರೋಗ್ಯ ಎಲ್ಲ ಇದ್ದವು. ಲಿಂಗ ಸಮಾನತೆಯೂ ಇತ್ತು. ಆರ್ಥಿಕ ಅಸಮಾನತೆ ಇರಲಿಲ್ಲ. ಗುರಿಗಳು ಸರಾಸರಿಯ ಲೆಕ್ಕದಲ್ಲಿ ಇದ್ದದ್ದರಿಂದ, ಸುಲಭವಾಗಿ ತಲುಪಬಹುದಾದವರನ್ನು ತಲುಪಿ ಸರಾಸರಿ ಮೇಲೆತ್ತಿದರೆ ಸಾಕಿತ್ತು. ಕಟ್ಟಕಡೆಯವರು ಇದ್ದಲ್ಲೇ ಇದ್ದರೂ ಗುರಿ ಮುಟ್ಟಿದ ಲೆಕ್ಕವೇ.

2012ರಲ್ಲಿ ಮುಂದಿನ ಗುರಿಗಳ ಚರ್ಚೆ ಶುರುವಾದಾಗ ಸಂಘಟನೆಗಳು ಈ ಲೋಪವನ್ನೇ ಹಿಡಿದವು. ಯುನಿಸೆಫ್ ಮತ್ತು ಯುಎನ್ ವಿಮೆನ್ ಮುಂದೆ ನಿಂತು ಅಸಮಾನತೆಯ ಬಗ್ಗೆ ಜಾಗತಿಕ ಸಮಾಲೋಚನೆ ನಡೆಸಿದವು. 2013ರಲ್ಲಿ 90 ಮಂದಿ ಅರ್ಥಶಾಸ್ತ್ರಜ್ಞರು, ಅಭಿವೃದ್ಧಿ ತಜ್ಞರು ವಿಶ್ವಸಂಸ್ಥೆಯ ಉನ್ನತ ಮಟ್ಟದ ಸಮಿತಿಗೆ ಪತ್ರ ಬರೆದು, ಅಸಮಾನತೆಗೆ ಪ್ರತ್ಯೇಕ ಸ್ಥಾನ ಬೇಕೆಂದರು. ಆಗಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್, ಲೈಬೀರಿಯಾ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್, ಇಂಡೊನೇಷ್ಯಾ ಅಧ್ಯಕ್ಷ ಸುಸಿಲೊ ಬಂಬಾಂಗ್ ಯುಧೋಯೊನೊ ಆ ಸಮಿತಿಯ ಸಹ ಅಧ್ಯಕ್ಷರು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಸಮಿತಿಯ ವರದಿಯಲ್ಲಿ 12 ಮಾದರಿ ಗುರಿಗಳಿದ್ದವು, ಅಸಮಾನತೆ ಮಾತ್ರ ಇರಲಿಲ್ಲ. ಆದಾಯದ ಅಂತರಕ್ಕೆ ಆಯಾ ದೇಶದ ನೀತಿಯೇ ಉತ್ತರ ಕೊಡಬೇಕು, ಜಾಗತಿಕ ಗುರಿಯಲ್ಲ ಎಂಬುದು ಸಮಿತಿಯ ನಿಲುವು. ಬದಲಿಗೆ ‘ಯಾರನ್ನೂ ಹಿಂದೆ ಬಿಡಬಾರದು’ ಎಂಬ ಘೋಷಣೆ ಕೊಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಅದು ಕೆಳಗಿನವರ ಕಡೆ ನೋಡಲು ಹೇಳುತ್ತದೆಯೇ ಹೊರತು ಯಾರು ಎಷ್ಟು ಮುಂದೆ ಹೋದರು ಎಂದು ಕೇಳುವುದಿಲ್ಲ.

2013–14ರಲ್ಲಿ ಕೆನ್ಯಾ ಮತ್ತು ಹಂಗೆರಿಯ ರಾಯಭಾರಿಗಳ ಸಹ ಅಧ್ಯಕ್ಷತೆಯಲ್ಲಿ ದೇಶಗಳ ಮುಕ್ತ ಕಾರ್ಯತಂಡ ಕರಡು ಸಿದ್ಧಪಡಿಸಿತು. ಅಸಮಾನತೆಯ ಗುರಿ ಒಂದು ಕರಡಿನಲ್ಲಿ ಬರುವುದು, ಮುಂದಿನದರಲ್ಲಿ ಇನ್ಯಾವುದರ ಜತೆಗೋ ಸೇರುವುದು, ಮತ್ತೆ ಹೊರಬರುವುದು ನಡೆದೇ ಇತ್ತು. 2014ರ ಜುಲೈನಲ್ಲಿ ಕೊನೆಗೂ ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಲ್ಲಿ ಹತ್ತನೇ ಗುರಿಯಾಗಿ ಉಳಿದು, 2015ರ ಸೆಪ್ಟೆಂಬರ್ 25ರಂದು ಅಂಗೀಕಾರವಾಯಿತು. ಸಂಘಟನೆಗಳ ಮಟ್ಟಿಗೆ ಇದು ದೊಡ್ಡ ಗೆಲುವು. ಗುರಿಯ ಹೆಸರೇ ‘ದೇಶದೊಳಗೆ ಮತ್ತು ದೇಶಗಳ ನಡುವೆ ಅಸಮಾನತೆ ತಗ್ಗಿಸುವುದು’.

ಗುರಿ ಸಿಕ್ಕಿತು, ಅಳತೆಗೋಲು ಕೈತಪ್ಪಿತು

ವಿಶ್ವಸಂಸ್ಥೆಯ ಗುರಿಗೆ ಮೂರು ಪದರ. ಮೇಲೆ ಗುರಿಯ ಹೆಸರು, ಅದರ ಕೆಳಗೆ ಉಪಗುರಿ, ಅದರ ಕೆಳಗೆ ಸೂಚಕ. ಹೆಸರನ್ನು ಭಾಷಣದಲ್ಲಿ ಹೇಳುತ್ತಾರೆ, ವರದಿ ಬರೆಯುವುದು ಸೂಚಕದ ಮೇಲೆ. ಸೂಚಕಗಳನ್ನು ನಿರ್ಧರಿಸುವುದು ರಾಜಕಾರಣಿಗಳಲ್ಲ, ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗದಡಿಯ ತಜ್ಞರ ಗುಂಪು. ಒಂದೊಂದು ಸೂಚಕಕ್ಕೂ ಅಂಕಿಅಂಶ ಒಟ್ಟುಮಾಡುವ ಹೊಣೆ ಹೊತ್ತ ಸಂಸ್ಥೆ ಇರುತ್ತದೆ. ಬಹಳಷ್ಟು ಸಂಘಟನೆಗಳ ಶಕ್ತಿ ಮೊದಲ ಪದರದಲ್ಲೇ ಖರ್ಚಾಯಿತು. ಮೂರನೆಯ ಪದರದ ಚರ್ಚೆ ಶುರುವಾದಾಗ ಮಾಧ್ಯಮವೂ ಇರಲಿಲ್ಲ, ಮೆರವಣಿಗೆಯೂ ಇರಲಿಲ್ಲ.

ಉಪಗುರಿ 10.1 ಹೀಗಿದೆ: 2030ರ ಹೊತ್ತಿಗೆ ಕೆಳಗಿನ ಶೇ 40 ಜನರ ಆದಾಯ ದೇಶದ ಸರಾಸರಿಗಿಂತ ಹೆಚ್ಚು ವೇಗದಲ್ಲಿ ಬೆಳೆಯಬೇಕು. 2013ರ ಏಪ್ರಿಲ್‌ನಲ್ಲಿ ವಿಶ್ವ ಬ್ಯಾಂಕ್ ತನಗಾಗಿ ಇಟ್ಟುಕೊಂಡಿದ್ದ ‘ಹಂಚಿಕೊಂಡ ಸಮೃದ್ಧಿ’ ಎಂಬ ಗುರಿಯೂ ಕೆಳಗಿನ ಶೇ 40 ಜನರ ಆದಾಯದ ಬೆಳವಣಿಗೆಯನ್ನೇ ನೋಡುತ್ತಿತ್ತು. ಇದರ ಅಂಕಿಅಂಶದ ಹೊಣೆಯೂ ಬ್ಯಾಂಕಿನದೇ.

ಇದರಲ್ಲಿ ತಪ್ಪೇನು? ಹತ್ತು ಕುಟುಂಬಗಳ ಒಂದು ಊರು ಎಂದುಕೊಳ್ಳಿ. ಕೆಳಗಿನ ನಾಲ್ಕು ಕುಟುಂಬಗಳಿಗೆ ತಲಾ ₹10,000, ನಡುವಿನ ಐದಕ್ಕೆ ತಲಾ ₹20,000, ಮೇಲಿನ ಒಂದಕ್ಕೆ ₹1 ಲಕ್ಷ. ಊರಿನ ಒಟ್ಟು ಆದಾಯ ₹2.4 ಲಕ್ಷ. ಕೆಲವು ವರ್ಷದ ನಂತರ ಕೆಳಗಿನವರದು ಶೇ 10 ಏರಿ ₹11,000 ಆಯಿತು. ನಡುವಿನವರದು ಕದಲಲಿಲ್ಲ. ಮೇಲಿನವರದು ಶೇ 12 ಏರಿ ₹1.12 ಲಕ್ಷ ಆಯಿತು. ಈಗ ಒಟ್ಟು ₹2.56 ಲಕ್ಷ, ಅಂದರೆ ಸರಾಸರಿ ಏರಿಕೆ ಶೇ 6.7. ಕೆಳಗಿನವರ ಏರಿಕೆ ಅದಕ್ಕಿಂತ ಹೆಚ್ಚಿದೆ, ಆದ್ದರಿಂದ 10.1 ಈಡೇರಿತು. ಆದರೆ ಮೇಲಿನವರಿಗೂ ಕೆಳಗಿನವರಿಗೂ ಇದ್ದ ಅಂತರ ₹90,000 ಇದ್ದದ್ದು ₹1.01 ಲಕ್ಷಕ್ಕೆ ಹಿಗ್ಗಿದೆ, ಮಧ್ಯಮ ವರ್ಗ ಇದ್ದಲ್ಲೇ ಇದೆ. ಇದು ‘ಅಸಮಾನತೆ ತಗ್ಗಿಸುವ’ ಗುರಿಯಲ್ಲಿ ತೇರ್ಗಡೆ!

ಸಂಘಟನೆಗಳು ಕೇಳಿದ್ದ ಅಳತೆ ಪಾಲ್ಮಾ ಅನುಪಾತ. ಮೇಲಿನ ಶೇ 10 ಮಂದಿಯ ಒಟ್ಟು ಆದಾಯವನ್ನು ಕೆಳಗಿನ ಶೇ 40 ಮಂದಿಯ ಒಟ್ಟು ಆದಾಯದಿಂದ ಭಾಗಿಸಿದರೆ ಬರುವ ಸಂಖ್ಯೆ. ಹೆಚ್ಚಿನ ದೇಶಗಳಲ್ಲಿ ನಡುವಿನ ಶೇ 50 ಜನ ಸುಮಾರು ಅರ್ಧ ಆದಾಯವನ್ನು ಹಿಡಿದಿಟ್ಟುಕೊಂಡಿರುತ್ತಾರೆ, ಉಳಿದ ಅರ್ಧಕ್ಕಾಗಿಯೇ ಮೇಲಿನವರಿಗೂ ಕೆಳಗಿನವರಿಗೂ ಎಳೆದಾಟ ಎಂದು ಗಮನಿಸಿದವರು ಚಿಲಿಯ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಪಾಲ್ಮಾ. ಅದನ್ನು ಸುಲಭದ ಅನುಪಾತವಾಗಿ ಮಂಡಿಸಿದವರು ಅಲೆಕ್ಸ್ ಕೋಬ್ಹಮ್ ಮತ್ತು ಆಂಡಿ ಸಮ್ನರ್. ನಮ್ಮ ಊರಿನಲ್ಲಿ ಈ ಅನುಪಾತ ಮೊದಲು 2.5 ಇತ್ತು, ನಂತರ 2.55 ಆಯಿತು. ಅಂತರ ಹೆಚ್ಚಿದ್ದನ್ನು ಅದು ಹಿಡಿಯಿತು. 2030ರ ಹೊತ್ತಿಗೆ ಪ್ರತಿ ದೇಶದಲ್ಲೂ ತೆರಿಗೆ ಕಳೆದ, ನೆರವು ಸೇರಿಸಿದ ಲೆಕ್ಕದಲ್ಲಿ ಈ ಅನುಪಾತ ಒಂದನ್ನು ಮೀರಬಾರದು ಎಂಬ ಗುರಿಯನ್ನು 2014ರಲ್ಲಿ ಮೈಕೆಲ್ ಡಾಯ್ಲ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಮುಂದಿಟ್ಟಿದ್ದರು. ಅದು ಅಂತಿಮ ಪಠ್ಯಕ್ಕೆ ಬರಲಿಲ್ಲ.

ಸೂಚಕ 10.1.1ರ ಒಕ್ಕಣೆಯಲ್ಲಿ ಇನ್ನೊಂದು ಸಣ್ಣ ಕಿಂಡಿಯಿದೆ. ಅಳೆಯಬೇಕಾದದ್ದು ಕುಟುಂಬದ ‘ವೆಚ್ಚ ಅಥವಾ ಆದಾಯ’. ಆ ‘ಅಥವಾ’ ಇರುವುದರಿಂದಲೇ ಭಾರತ ಖರ್ಚನ್ನೂ ಬ್ರೆಜಿಲ್ ಆದಾಯವನ್ನೂ ಒಪ್ಪಿಸಿ ಇಬ್ಬರೂ ನಿಯಮಬದ್ಧರಾಗಿರಬಹುದು.

ಪಟ್ಟಿಯಲ್ಲಿ ಜಾತಿ ಇಲ್ಲ

ಭಾರತದ ಸಂಘಟನೆಗಳ ಹೋರಾಟ ಇನ್ನೊಂದು ದಿಕ್ಕಿನದು. 2004ರ ಮುಂಬೈ ವಿಶ್ವ ಸಾಮಾಜಿಕ ವೇದಿಕೆಯ ನಂತರ ರೂಪುಗೊಂಡ ವಾದಾ ನ ತೋಡೊ ಅಭಿಯಾನ, ದಲಿತ ಹಕ್ಕುಗಳ ಸಂಘಟನೆಗಳು ಕೇಳಿದ್ದು ಗುಂಪು ಗುಂಪುಗಳ ನಡುವಿನ ಅಂತರ ಲೆಕ್ಕಕ್ಕೆ ಬರಲಿ ಎಂದು. ಉಪಗುರಿ 10.2 ವಯಸ್ಸು, ಲಿಂಗ, ಅಂಗವೈಕಲ್ಯ, ಜನಾಂಗ, ಬುಡಕಟ್ಟು, ಮೂಲ, ಧರ್ಮ, ಆರ್ಥಿಕ ‘ಅಥವಾ ಇತರ ಸ್ಥಾನಮಾನ’ ಎಂದು ಪಟ್ಟಿ ಮಾಡುತ್ತದೆ. ಜಾತಿ ಎಂಬ ಪದ ಅಲ್ಲಿಲ್ಲ. ಅಂಕಿಅಂಶಗಳನ್ನು ಬಿಡಿಸಿ ಕೊಡಬೇಕೆನ್ನುವ ಉಪಗುರಿ 17.18ರಲ್ಲೂ ಇಲ್ಲ. ಹೆಸರಿಲ್ಲದ ಮೇಲೆ ಜಾತಿವಾರು ಆದಾಯದ ಲೆಕ್ಕವನ್ನು ಅಂತರರಾಷ್ಟ್ರೀಯ ವರದಿಯಲ್ಲಿ ಕೊಡಿ ಎಂದು ಯಾವ ಸರ್ಕಾರವನ್ನೂ ಕಟ್ಟಿಹಾಕಲು ಆಗುವುದಿಲ್ಲ.

ಎದುರು ವಾದವೂ ಹಗುರವಲ್ಲ

ಬಡತನ ಇಳಿಯುತ್ತಿದ್ದರೆ ಮೇಲಿನವರು ಎಷ್ಟು ಗಳಿಸಿದರೇನು ಎಂಬುದು ಮೊದಲ ವಾದ. ಭಾರತದ ಕಡು ಬಡತನ 2011–12ರಲ್ಲಿ ಶೇ 16.2 ಇದ್ದದ್ದು 2022–23ರಲ್ಲಿ ಶೇ 2.3ಕ್ಕೆ ಇಳಿದಿದೆ ಎಂದು ವಿಶ್ವ ಬ್ಯಾಂಕಿನ ಅದೇ ಟಿಪ್ಪಣಿ ಹೇಳುತ್ತದೆ. ಇದು ಸಣ್ಣ ಸಾಧನೆಯಲ್ಲ.

ಎರಡನೆಯ ವಾದ ಪ್ಯಾರಿಸ್ ಲ್ಯಾಬ್‌ನ ವಿಧಾನದ ಬಗ್ಗೆ. ಅದು ಆದಾಯ ತೆರಿಗೆ ದಾಖಲೆಗಳನ್ನು ಸಮೀಕ್ಷೆಗಳ ಜತೆ ಹೊಲಿದು ಲೆಕ್ಕ ಕಟ್ಟುತ್ತದೆ. ನಮ್ಮಲ್ಲಿ ತೆರಿಗೆ ವಿವರ ಸಲ್ಲಿಸುವವರು ಜನಸಂಖ್ಯೆಯ ಸಣ್ಣ ಪಾಲು, ಆದ್ದರಿಂದ ಉಳಿದವರ ಆದಾಯಕ್ಕೆ ಊಹೆ ಅನಿವಾರ್ಯ. ಅದರ ಮುಖ್ಯ ಸರಣಿ ತೆರಿಗೆಗೆ ಮುಂಚಿನ ಆದಾಯದ್ದು, ಹಾಗಾಗಿ ಸುಮಾರು 80 ಕೋಟಿ ಜನ ಪಡೆಯುವ ಉಚಿತ ಪಡಿತರ ಅದರಲ್ಲಿ ಕಾಣುವುದಿಲ್ಲ. ಈ ಟೀಕೆ ನ್ಯಾಯವಾದದ್ದೇ. ಆದರೆ 62 ಸ್ವಲ್ಪ ಹೆಚ್ಚಿರಬಹುದು ಎಂದರೆ ಆದಾಯದ ಅಸಮಾನತೆ 25.5ರಷ್ಟೇ ಎಂದು ಆಗುವುದಿಲ್ಲ. ತೆರಿಗೆ ದಾಖಲೆಯ ಗೊಡವೆಗೇ ಹೋಗದೆ, ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ 2011–12ರಲ್ಲಿ ಮನೆಮನೆಗೆ ಹೋಗಿ ಆದಾಯ ಕೇಳಿದಾಗಲೂ ಗಿನಿ 50ರ ಮೇಲೇ ಬಂದಿತ್ತು.

ಪ್ರಚಾರಕರೂ ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಂಡಿದ್ದಾರೆ. ಜಗತ್ತಿನ ಬಡ ಅರ್ಧದಷ್ಟು ಜನರ ಒಟ್ಟು ಆಸ್ತಿಗೆ ಸಮನಾದ ಆಸ್ತಿ ಕೇವಲ 85 ಜನರ ಬಳಿ ಇದೆ ಎಂದು ಅಂತರರಾಷ್ಟ್ರೀಯ ನೆರವು ಸಂಸ್ಥೆ ಆಕ್ಸ್‌ಫಾಮ್ 2014ರ ದಾವೋಸ್ ಸಭೆಯ ಹೊತ್ತಿಗೆ ಹೇಳಿತು. 2016ರಲ್ಲಿ ಅದು 62 ಆಯಿತು, 2017ರಲ್ಲಿ ಎಂಟು. ಒಂದೇ ವರ್ಷದಲ್ಲಿ 62ರಿಂದ ಎಂಟಕ್ಕೆ ಬಿದ್ದದ್ದಕ್ಕೆ ದೊಡ್ಡ ಕಾರಣ, ಭಾರತ ಮತ್ತು ಚೀನಾದ ಬಡವರ ಆಸ್ತಿ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಎಂದು, ಆಕ್ಸ್‌ಫಾಮ್ ಲೆಕ್ಕಕ್ಕೆ ಆಧಾರವಾಗಿದ್ದ ಸ್ವಿಟ್ಜರ್‌ಲೆಂಡಿನ ಬ್ಯಾಂಕ್ ಕ್ರೆಡಿಟ್ ಸ್ವೀಸ್ ತನ್ನ ಮಾಹಿತಿಯನ್ನು ತಿದ್ದಿದ್ದು. ಜತೆಗೆ ಇದು ಸಾಲ ಕಳೆದ ಆಸ್ತಿಯ ಲೆಕ್ಕ. ಶಿಕ್ಷಣ ಸಾಲ ಬಾಕಿಯಿರುವ ಅಮೆರಿಕದ ಹೊಸ ವೈದ್ಯ ಇಲ್ಲಿ ಕಡು ಬಡವರ ಸಾಲಿನಲ್ಲಿ ನಿಲ್ಲುತ್ತಾನೆ, ಎರಡು ಎಮ್ಮೆ ಇರುವ ಸಾಲವಿಲ್ಲದ ರೈತ ಅವನಿಗಿಂತ ಶ್ರೀಮಂತ. ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ ಎಂಬ ಚಿತ್ರ ಸುದ್ದಿಯಾಯಿತು ನಿಜ, ಸೂಚಕಗಳನ್ನು ಬರೆಯುವ ಅಂಕಿಅಂಶ ತಜ್ಞರು ಮಾತ್ರ ಅದರಿಂದಲೇ ದೂರ ಸರಿದರು.

2023ರ ಪತ್ರ ಮತ್ತು 40ರ ಗೆರೆ

2023ರ ಜುಲೈನಲ್ಲಿ 200ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ವಿಶ್ವಸಂಸ್ಥೆಯ ಮಹಾ ಪ್ರಧಾನ ಕಾರ್ಯದರ್ಶಿ ಗುಟೆರೆಸ್ ಮತ್ತು ವಿಶ್ವ ಬ್ಯಾಂಕಿನ ಅಧ್ಯಕ್ಷ ಅಜಯ್ ಬಂಗಾ ಅವರಿಗೆ ಪತ್ರ ಬರೆದರು. ಜಯತಿ ಘೋಷ್, ಸ್ಟಿಗ್ಲಿಟ್ಜ್, ಥಾಮಸ್ ಪಿಕೆಟಿ ಸಹಿ ಹಾಕಿದವರಲ್ಲಿದ್ದರು. ಕೆಳಗಿನ ಶೇ 40ರ ಮೇಲಷ್ಟೇ ಕಣ್ಣಿಟ್ಟ ಅಳತೆ ಸಾಲದು ಎಂಬುದು ಪತ್ರದ ತಿರುಳು. ಈ ಸಲ ಬ್ಯಾಂಕ್ ಕದಲಿತು. ಗಿನಿ 40 ದಾಟಿದ ದೇಶಗಳನ್ನು ‘ಅತಿ ಅಸಮಾನತೆಯ’ ದೇಶಗಳೆಂದು ಗುರುತಿಸಿ, ಅವುಗಳ ಸಂಖ್ಯೆಯನ್ನು ತನ್ನ ಪ್ರಗತಿ ಪತ್ರದಲ್ಲಿ ಸೇರಿಸಿತು. ಇಂಥವು ಈಗ ಸುಮಾರು 50 ಇವೆ, ಹೆಚ್ಚಿನವು ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದಲ್ಲಿ.

ಇಲ್ಲೂ ಅದೇ ತೊಡಕು. ಗೆರೆ ಎಲ್ಲರಿಗೂ 40, ಅಳತೆ ಮಾತ್ರ ಕೆಲವರಿಗೆ ಆದಾಯ, ಕೆಲವರಿಗೆ ಖರ್ಚು. ಖರ್ಚಿನ ಲೆಕ್ಕ ಕೊಡುವ ಭಾರತ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಆದಾಯದ ಲೆಕ್ಕ ಕೊಡುವ ಬ್ರೆಜಿಲ್ ಪ್ರತಿ ವರ್ಷ ಸಿಕ್ಕಿಬೀಳುತ್ತದೆ. ಪ್ರಾಮಾಣಿಕವಾಗಿ ಆದಾಯ ಕೇಳಿದ ದೇಶಕ್ಕೆ ಕೆಂಪು ಗುರುತು.

2025ರ ನವೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದ ಜಿ20 ಅಧ್ಯಕ್ಷತೆಯಲ್ಲಿ ಸ್ಟಿಗ್ಲಿಟ್ಜ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. 2000ದಿಂದ 2024ರವರೆಗೆ ಜಗತ್ತಿನಲ್ಲಿ ಹೊಸದಾಗಿ ಸೃಷ್ಟಿಯಾದ ಸಂಪತ್ತಿನ ಶೇ 41ರಷ್ಟು ಮೇಲಿನ ಶೇ 1 ಮಂದಿಗೆ, ಶೇ 1 ಮಾತ್ರ ಕೆಳಗಿನ ಅರ್ಧದಷ್ಟು ಜನಕ್ಕೆ ಹೋಗಿದೆ ಎಂದಿತು. ಸುದ್ದಿಯಾದದ್ದು ಈ ಸಂಖ್ಯೆಗಳು. ಆದರೆ ಹೆಚ್ಚು ಮುಖ್ಯವಾದ ಶಿಫಾರಸು ಬೇರೆ: ಹವಾಮಾನ ಬದಲಾವಣೆಗೆ ಐಪಿಸಿಸಿ ಇರುವಂತೆ ಅಸಮಾನತೆಗೂ ಒಂದು ಅಂತರರಾಷ್ಟ್ರೀಯ ತಜ್ಞ ಸಮಿತಿ ಬೇಕು. ಅಳತೆಯ ಜಗಳವನ್ನು ಸರ್ಕಾರಗಳ ಪ್ರಕಟಣೆಗೂ ಪ್ರಚಾರಕರ ಕರಪತ್ರಕ್ಕೂ ಬಿಡದೆ ಒಂದು ಕಡೆ ತೀರ್ಮಾನಿಸುವ ಯತ್ನವಿದು. 2026ರ ಜಿ20 ಅಧ್ಯಕ್ಷತೆ ಅಮೆರಿಕದ್ದು, ಜೊಹಾನ್ಸ್‌ಬರ್ಗ್ ಸಭೆಗೇ ಹೋಗದ ದೇಶ ಅದು. ಹಾಗಾಗಿ ಈ ಪ್ರಸ್ತಾಪ ಜಿ20 ಹೊರಗೇ ಬೆಳೆಯಬೇಕು.

ಇಲ್ಲಿ ಆಗುವುದೇನು

ಅಳತೆ ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಸೂಚ್ಯಂಕವೇ ಉದಾಹರಣೆ. ಹತ್ತನೇ ಗುರಿಗೆ ರಾಜ್ಯಗಳಿಗೆ ಅಂಕ ಕೊಡುವಾಗ ಅದು ನೋಡುವುದು ಕೆಳಗಿನ ಎರಡು ಆಸ್ತಿ ವರ್ಗಗಳಲ್ಲಿ ಎಷ್ಟು ಜನರಿದ್ದಾರೆ, ಪಂಚಾಯಿತಿಗಳಲ್ಲಿ ಮಹಿಳೆಯರೆಷ್ಟು, ವಿಧಾನಸಭೆಯಲ್ಲಿ ಪರಿಶಿಷ್ಟರ ಪ್ರಾತಿನಿಧ್ಯವೆಷ್ಟು, ಪರಿಶಿಷ್ಟರ ಮೇಲಿನ ಅಪರಾಧಗಳ ಪ್ರಮಾಣ ಎಷ್ಟು ಎಂಬಂಥವನ್ನು. ಎಲ್ಲವೂ ಬೇಕಾದವೇ. ಆಸ್ತಿ ವರ್ಗವೆಂದರೆ ಮನೆಯಲ್ಲಿ ಟಿ.ವಿ., ಫ್ರಿಜ್, ಬೈಕ್ ಇದೆಯೇ ಎಂಬ ಕುಟುಂಬ ಆರೋಗ್ಯ ಸಮೀಕ್ಷೆಯ ಪಟ್ಟಿಯಿಂದ ಕಟ್ಟಿದ್ದು. ಮೇಲಿನ ಶೇ 1ರ ಬಗ್ಗೆ ಹೇಳುವ ಸೂಚಕ ಒಂದೂ ಇಲ್ಲ. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ರದ್ದುಪಡಿಸಿದ ಮೇಲೆ ಆಸ್ತಿಯ ಬಗ್ಗೆ ಇದ್ದ ಅರೆಬರೆ ಆಡಳಿತಾತ್ಮಕ ದಾಖಲೆಯೂ ನಿಂತುಹೋಯಿತು. ಈ ಕೊರತೆಯನ್ನು ಎತ್ತಿ ಹೇಳುತ್ತಿದ್ದ ಸಂಘಟನೆಗಳಲ್ಲಿ ಕೆಲವಕ್ಕೆ ವಿದೇಶಿ ದೇಣಿಗೆಯ ಪರವಾನಗಿ ಉಳಿದಿಲ್ಲ. ಆಕ್ಸ್‌ಫಾಮ್ ಇಂಡಿಯಾದ ಪರವಾನಗಿ 2022ರ ಆರಂಭದಲ್ಲಿ ನವೀಕರಣವಾಗಲಿಲ್ಲ.

ಮುಂದೆ ಗಮನಿಸಬೇಕಾದ ಬೆಳವಣಿಗೆಗಳು ಎರಡು. ದೇಶದ ಮೊದಲ ರಾಷ್ಟ್ರವ್ಯಾಪಿ ಕುಟುಂಬ ಆದಾಯ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರದ ಸಾಂಖ್ಯಿಕ ಸಚಿವಾಲಯ ಪ್ರಕಟಿಸಿದೆ. ಅದರ ಪೂರ್ವಪರೀಕ್ಷೆಯಲ್ಲಿ ಶೇ 95ರಷ್ಟು ಜನ ಪ್ರಶ್ನೆಗಳು ಸೂಕ್ಷ್ಮವಾದವು ಎಂದರು, ಹಲವರು ತೆರಿಗೆಯ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ತೆರಿಗೆ ದಾಖಲೆಗಳೊಂದಿಗೆ ತಾಳೆ ನೋಡದಿದ್ದರೆ ಇಲ್ಲೂ ಮೇಲಿನವರು ಜಾರಿಹೋಗುವ ಅಪಾಯ ಇದ್ದೇ ಇದೆ. ಇನ್ನೊಂದು, 2027ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆ 2030ರ ನಂತರದ ಗುರಿಗಳ ಚರ್ಚೆ ಕೈಗೆತ್ತಿಕೊಳ್ಳಲಿದೆ. ಸಂಘಟನೆಗಳು ಈ ಸಲ ಗುರಿಯ ಹೆಸರಿಗಿಂತ ಮೊದಲು ಸೂಚಕದ ಒಕ್ಕಣೆಯ ಮೇಲೆ ಕೂರಬೇಕಾಗಿದೆ. ಏಕೆಂದರೆ ಒಂದು ದೇಶ ಆದಾಯ ಮತ್ತು ಖರ್ಚು ಎರಡರ ಲೆಕ್ಕವನ್ನೂ ಕೊಟ್ಟರೆ ವಿಶ್ವ ಬ್ಯಾಂಕ್ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಖರ್ಚನ್ನೇ. ಹೊಸ ಸಮೀಕ್ಷೆಯಲ್ಲಿ ಭಾರತದ ಆದಾಯದ ಗಿನಿ 50 ದಾಟಿ ಬಂದರೂ, ‘ಅಥವಾ’ ಇರುವವರೆಗೆ ಬ್ಯಾಂಕಿನ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 25ರ ಆಸುಪಾಸಿನ ಸಂಖ್ಯೆಯೇ ಇರಬಹುದು.